ಚುಕ್ಕೆಯೋ ಅಡಿಗೆರೆಯೋ: ಪ್ರಾಪರ್ಟಿ, ಐವಾರ್ ಮತ್ತು ಮೆಮೊರಿ ದೋಷಗಳ ಪತ್ತೆ

ಕೊಡಗಿನ ತೋಟಗಳಲ್ಲಿ ಮಳೆಯ ಲೆಕ್ಕವನ್ನು ಇಂದಿಗೂ ಇಂಚು ಮತ್ತು ಸೆಂಟ್‌ಗಳಲ್ಲಿ ಬರೆದಿಡುವ ರೂಢಿಯಿದೆ. ಒಂದು ಇಂಚಿಗೆ 100 ಸೆಂಟ್, ಅಂದರೆ 25.4 ಮಿಲಿಮೀಟರ್. ನಾಪೋಕ್ಲು ಕಡೆಯ ಒಂದು ತೋಟಕ್ಕೆ ಈ ಮಳೆ ಲೆಕ್ಕವನ್ನೂ ಕಾಫಿ ಕೊಯ್ಲಿನ ತೂಕವನ್ನೂ ದಾಖಲಿಸುವ ಒಂದು ಸಣ್ಣ ಆ್ಯಪ್ ಅನ್ನು 2010ರಲ್ಲಿ ಆ್ಯಪಲ್ ಸಾಧನಗಳ ಪ್ರೋಗ್ರಾಮಿಂಗ್ ಭಾಷೆಯಾದ ಆಬ್ಜೆಕ್ಟಿವ್-ಸಿಯಲ್ಲಿ ಬರೆದುಕೊಟ್ಟಿದ್ದೆ. ಹಲವು ಸಲ ತಿದ್ದಿಸಿಕೊಂಡು ಅದು ಈಗಲೂ ನಡೆಯುತ್ತಿದೆ. ಅಂದಿನಿಂದ ಅದರಲ್ಲಿ ನಾನೇ ಎದುರಿಸಿದ ದೋಷಗಳನ್ನೂ, ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಯುವಕ ಯುವತಿಯರು ನನ್ನ ಬಳಿ ತರುವ ದೋಷಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಅವುಗಳ ಬೇರು ಹೆಚ್ಚಾಗಿ ಒಂದೇ: ಈ ಆಬ್ಜೆಕ್ಟನ್ನು (ಮೆಮೊರಿಯಲ್ಲಿ ಕುಳಿತ ದತ್ತಾಂಶದ ಘಟಕವನ್ನು) ಹಿಡಿದುಕೊಂಡಿರುವವರು ಯಾರು ಎಂಬುದು ಬರೆದವರಿಗೇ ಸ್ಪಷ್ಟವಿರುವುದಿಲ್ಲ.

ಆ ಅಸ್ಪಷ್ಟತೆ ಕಣ್ಣಿಗೆ ಬೀಳುವುದು ಒಂದೇ ಒಂದು ಅಕ್ಷರದಲ್ಲಿ. ಇನ್‌ಸ್ಟನ್ಸ್ ವೇರಿಯಬಲ್, ಅಂದರೆ ಐವಾರ್, ಎಂಬುದು ಆಬ್ಜೆಕ್ಟಿನೊಳಗೆ ಮೌಲ್ಯ ಕುಳಿತಿರುವ ಜಾಗ. ಪ್ರಾಪರ್ಟಿ ಎಂಬುದು ಆ ಜಾಗಕ್ಕೆ ಹೋಗುವ ಬಾಗಿಲು. ಮೌಲ್ಯವನ್ನು ಓದಿಕೊಡುವ ಗೆಟ್ಟರ್ ಮತ್ತು ಬರೆಯುವ ಸೆಟ್ಟರ್ ಎಂಬ ಎರಡು ಮೆಥಡ್‌ಗಳು, ಅಂದರೆ ಆಬ್ಜೆಕ್ಟಿನ ಕೆಲಸ ಮಾಡುವ ಕೋಡ್ ತುಣುಕುಗಳು, ಆ ಬಾಗಿಲನ್ನು ಕಾಯುತ್ತವೆ. ‘ಸೆಲ್ಫ್.ಮಳೆಪಟ್ಟಿ’ ಎಂದು ಚುಕ್ಕೆಯಿಟ್ಟು ಬರೆದರೆ (ಸೆಲ್ಫ್ ಎಂದರೆ ಆ ಆಬ್ಜೆಕ್ಟೇ) ಬಾಗಿಲ ಮೂಲಕ ಹೋಗುತ್ತೀರಿ, ‘_ಮಳೆಪಟ್ಟಿ’ ಎಂದು ಅಡಿಗೆರೆಯಿಟ್ಟು ಬರೆದರೆ ನೇರವಾಗಿ ಒಳಗೆ ಕೈಹಾಕುತ್ತೀರಿ. ಎರಡಕ್ಕೂ ಅದರದರ ಸ್ಥಾನವಿದೆ. ಆದರೆ ಯಾವುದನ್ನು ಎಲ್ಲಿ ಬರೆದಿದ್ದೇವೆ ಎಂಬುದರ ಮೇಲೆ ಆಬ್ಜೆಕ್ಟ್ ಉಳಿಯುವುದೋ ಅಳಿಯುವುದೋ ನಿರ್ಧಾರವಾಗುತ್ತದೆ.

ಆರಂಭಿಸುವ ಮುನ್ನ

ಮೊದಲು ಕೋಡ್ ಯಾವ ಕಾಲದ್ದೆಂದು ತಿಳಿದುಕೊಳ್ಳಿ, ಏಕೆಂದರೆ ಅದೇ ಸಾಲಿಗೆ ಕಾಲಕ್ಕೆ ತಕ್ಕಂತೆ ಬೇರೆ ಬೇರೆ ಅರ್ಥವಿದೆ. ಪ್ರಾಪರ್ಟಿಗಳು ಆಬ್ಜೆಕ್ಟಿವ್-ಸಿ 2.0 ಜೊತೆಯಲ್ಲಿ, 2007ರ ಮ್ಯಾಕ್ ಲೆಪರ್ಡ್ ಆವೃತ್ತಿಯಲ್ಲಿ ಬಂದವು. ಆಬ್ಜೆಕ್ಟನ್ನು ಹಿಡಿಯುವ ಸಂದೇಶ ರಿಟೇನ್, ಬಿಡುವ ಸಂದೇಶ ರಿಲೀಸ್; ಹಿಡಿದವರೆಲ್ಲ ಬಿಟ್ಟರೆ ಆಬ್ಜೆಕ್ಟ್ ಅಳಿಯುತ್ತದೆ. ಈ ರಿಟೇನ್ ಮತ್ತು ರಿಲೀಸ್‌ಗಳನ್ನು ಕಂಪೈಲರ್ ತಾನೇ ಸೇರಿಸುವ ಎಆರ್‌ಸಿ (ಆಟೋಮ್ಯಾಟಿಕ್ ರೆಫರೆನ್ಸ್ ಕೌಂಟಿಂಗ್) ವ್ಯವಸ್ಥೆ 2011ರಲ್ಲಿ ಬಂತು. ಪ್ರಾಪರ್ಟಿಗೆ ಗೆಟ್ಟರ್ ಸೆಟ್ಟರ್ ಮಾಡಿಕೊಡುವ ‘ಸಿಂಥಸೈಜ್’ ಸಾಲನ್ನು ನಾವು ಬರೆಯಬೇಕಿಲ್ಲದ ಅನುಕೂಲ, ಆ್ಯಪ್ ಬರೆಯಲು ಆ್ಯಪಲ್ ಕೊಡುವ ಎಕ್ಸ್‌ಕೋಡ್ ತಂತ್ರಾಂಶದ 2012ರ 4.4 ಆವೃತ್ತಿಯಿಂದ ಸಿಕ್ಕಿತು. ಹಳೆಯ ಪ್ರಾಜೆಕ್ಟ್‌ಗಳಲ್ಲಿ ಕೆಲವು ಕಡತಗಳು ಎಆರ್‌ಸಿಯ ಒಳಗೂ ಕೆಲವು ಹೊರಗೂ ಇರುವುದುಂಟು. ಬಿಲ್ಡ್ ಫೇಸಸ್ ಪುಟದಲ್ಲಿ ಆ ಕಡತದ ಹೆಸರಿನ ಎದುರು ‘-ಎಫ್‌ನೋ-ಆಬ್ಜ್‌ಸಿ-ಎಆರ್‌ಸಿ’ ಎಂಬ, ಎಆರ್‌ಸಿ ಬೇಡವೆನ್ನುವ ಗುರುತು ಇದೆಯೇ ಎಂದು ನೋಡಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷವನ್ನು ಉಳಿಸಲು ಹೋಗಿ ಇಡೀ ದಿನ ಕಳೆದವರನ್ನು ನಾನು ಕಂಡಿದ್ದೇನೆ.

ಇನ್ನು ಎಚ್ಚರಿಕೆಗಳು. ತೋಟದ ಆಫೀಸಿನಲ್ಲಿ ದಿನಬಳಕೆಯಲ್ಲಿರುವ ಐಪ್ಯಾಡಿನ ಮೇಲೆ ಎಂದಿಗೂ ಪ್ರಯೋಗ ಮಾಡಬೇಡಿ. ಕೊಯ್ಲಿನ ದಿನಗಳಲ್ಲಿ ಅದರೊಳಗಿನ ತೂಕದ ಲೆಕ್ಕದ ಮೇಲೆಯೇ ಜನರ ಕೂಲಿ ನಿಂತಿರುತ್ತದೆ. ದತ್ತಾಂಶದ ಪ್ರತಿ ತೆಗೆದು ಬೇರೆ ಸಾಧನದಲ್ಲಿ ಕೆಲಸ ಮಾಡಿ. ಒಂದು ಸಲಕ್ಕೆ ಒಂದೇ ತಿದ್ದುಪಡಿ ಮಾಡಿ, ಅದನ್ನು ಕೋಡಿನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್‌ನಲ್ಲಿ ದಾಖಲಿಸಿ ಮುಂದೆ ಹೋಗಿ. ಜೂನ್ ಬಂತೆಂದರೆ ನಮ್ಮಲ್ಲಿ ಮರ ಬಿದ್ದು ಕರೆಂಟು ಯಾವಾಗ ಹೋಗುವುದೋ ಹೇಳಲಾಗದು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಲ್ಯಾಪ್‌ಟಾಪಿನ ಚಾರ್ಜರನ್ನು ಗೋಡೆಯಿಂದ ಕಿತ್ತಿಟ್ಟು ಬ್ಯಾಟರಿಯ ಮೇಲೆ ಕೆಲಸ ಮಾಡುವುದು ಒಳ್ಳೆಯದು.

ಲಕ್ಷಣ: ಕ್ರ್ಯಾಶ್ ಇಲ್ಲ, ಆದರೆ ಪರದೆಯಲ್ಲಿ ಖಾಲಿ ಅಥವಾ ಸೊನ್ನೆ

ಜುಲೈ ತಿಂಗಳ ಪುಟ ತೆರೆದರೆ ಎಲ್ಲ ದಿನಗಳ ಎದುರೂ ಸೊನ್ನೆ ಸೆಂಟ್ ಎಂದು ಕಾಣುತ್ತದೆ. ಆ್ಯಪ್ ಮುಚ್ಚಿಕೊಳ್ಳುವುದಿಲ್ಲ, ತಪ್ಪಿನ ಸಂದೇಶವೂ ಇಲ್ಲ. ಆಬ್ಜೆಕ್ಟಿವ್-ಸಿಯಲ್ಲಿ ನಿಲ್‌ಗೆ, ಅಂದರೆ ಯಾವ ಆಬ್ಜೆಕ್ಟನ್ನೂ ತೋರಿಸದ ಖಾಲಿ ಮೌಲ್ಯಕ್ಕೆ, ಸಂದೇಶ ಕಳುಹಿಸುವುದು (ಮೆಥಡ್ ಕರೆಯುವುದು) ಅಪರಾಧವಲ್ಲ. ಉತ್ತರವಾಗಿ ಸೊನ್ನೆಯೋ ಮತ್ತೊಂದು ನಿಲ್ಲೋ ಬರುತ್ತದೆ, ಅಷ್ಟೆ. ಆದ್ದರಿಂದ ಈ ಲಕ್ಷಣ ಕಂಡಾಗ ಲೆಕ್ಕದ ಸೂತ್ರವನ್ನು ಅನುಮಾನಿಸುವ ಮೊದಲು ಯಾವ ಆಬ್ಜೆಕ್ಟ್ ನಿಲ್ ಆಗಿದೆ ಎಂದು ಹುಡುಕಬೇಕು.

ಎಲ್ಲಕ್ಕಿಂತ ಸುಲಭದ ಪರೀಕ್ಷೆ, ಪಟ್ಟಿಗೆ ಸೇರಿಸುವ ಸಾಲಿನ ಮೇಲೆ ಒಂದು ಬ್ರೇಕ್‌ಪಾಯಿಂಟ್ (ಆ್ಯಪ್ ಅಲ್ಲಿ ನಿಲ್ಲುವ ಗುರುತು) ಇಟ್ಟು ಪಟ್ಟಿಯ ಮೌಲ್ಯವನ್ನು ನೋಡುವುದು. ಪ್ರಾಪರ್ಟಿಯನ್ನು ಘೋಷಿಸಿದ ಮಾತ್ರಕ್ಕೆ ಅದರೊಳಗಿನ ಆಬ್ಜೆಕ್ಟ್ ಹುಟ್ಟುವುದಿಲ್ಲ. ಒಂದು ಪಾಯಿಂಟರ್‌ಗೆ (ಆಬ್ಜೆಕ್ಟ್ ಇರುವ ವಿಳಾಸಕ್ಕೆ) ಬೇಕಾದಷ್ಟು ಜಾಗ ಸಿಗುತ್ತದೆ, ಆ ಜಾಗದಲ್ಲಿ ಮೊದಲಿಗೆ ನಿಲ್ ಇರುತ್ತದೆ. ಆಬ್ಜೆಕ್ಟ್ ಹುಟ್ಟುವಾಗ ನಡೆಯುವ ಇನಿಟ್ ಮೆಥಡ್‌ನಲ್ಲಿ ಪಟ್ಟಿಯನ್ನು ಸೃಷ್ಟಿಸದೆ ಅದಕ್ಕೆ ಮೂವತ್ತು ದಿನದ ಮಳೆಯನ್ನು ಸೇರಿಸಿದರೂ ಏನೂ ಉಳಿಯುವುದಿಲ್ಲ.

ಪಟ್ಟಿಯನ್ನು ಸೃಷ್ಟಿಸಿದ್ದೂ ನಿಲ್ ಆಗಿದ್ದರೆ ಪ್ರಾಪರ್ಟಿಯ ಘೋಷಣೆಯನ್ನು ಓದಿ. ‘ವೀಕ್’ ಎಂದಿದ್ದರೆ ಆ ಪ್ರಾಪರ್ಟಿ ಆಬ್ಜೆಕ್ಟನ್ನು ತೋರಿಸುತ್ತದೆಯೇ ಹೊರತು ಹಿಡಿದುಕೊಳ್ಳುವುದಿಲ್ಲ. ಬೇರೆ ಯಾರೂ ಹಿಡಿದಿರದಿದ್ದರೆ ಹುಟ್ಟಿದ ಸಾಲಿನಲ್ಲೇ ಅದು ಅಳಿದು, ವೀಕ್ ಪ್ರಾಪರ್ಟಿ ತಾನಾಗಿ ನಿಲ್ ಆಗುತ್ತದೆ. ಹೊಸದಾಗಿ ಹುಟ್ಟಿದ ಆಬ್ಜೆಕ್ಟನ್ನು ನೇರವಾಗಿ ವೀಕ್ ಪ್ರಾಪರ್ಟಿಗೆ ಕೊಟ್ಟರೆ ಕಂಪೈಲರ್ ಹಳದಿ ಎಚ್ಚರಿಕೆಯನ್ನೂ ಕೊಡುತ್ತದೆ. ಪರದೆಯನ್ನು ಕಣ್ಣೆದುರೇ ಜೋಡಿಸುವ ಸ್ಟೋರಿಬೋರ್ಡಿನಿಂದ ಬಂದ ಲೇಬಲ್‌ಗೆ ವೀಕ್ ಸಾಕಾಗುತ್ತದೆ, ಏಕೆಂದರೆ ಅದನ್ನು ಅದರ ಮೇಲಿನ ವ್ಯೂ (ಪರದೆಯ ಭಾಗ) ಹಿಡಿದಿರುತ್ತದೆ. ಆ ಮಾದರಿಯನ್ನೇ ನೋಡಿ ಕೋಡ್‌ನಲ್ಲಿ ಸೃಷ್ಟಿಸಿದ ಲೇಬಲ್‌ಗೂ ವೀಕ್ ಎಂದು ಬರೆದರೆ, ವ್ಯೂಗೆ ಸೇರಿಸುವ ಸಾಲು ಬರುವ ಹೊತ್ತಿಗೆ ಲೇಬಲ್ ಇರುವುದೇ ಇಲ್ಲ.

ಮೂರನೆಯ ಕಾರಣ ಹಳೆಯ ಕೋಡನ್ನು ಹೊಸದಾಗಿಸುವಾಗ ಮಾತ್ರ ಹುಟ್ಟುವಂಥದ್ದು, ಅದಕ್ಕೇ ಅದನ್ನು ಬಿಡಿಸಿ ಹೇಳಬೇಕು. ಹಳೆಯ ಕೋಡಿನಲ್ಲಿ ಆವರಣದೊಳಗೆ ‘ಮಳೆಪಟ್ಟಿ’ ಎಂಬ ಐವಾರ್ ಘೋಷಿಸಿ, ಕೆಳಗೆ ‘ಸಿಂಥಸೈಜ್ ಮಳೆಪಟ್ಟಿ’ ಎಂದು ಬರೆದಿರುತ್ತಾರೆ. ಆ ಸಾಲು ಇರುವವರೆಗೆ ಪ್ರಾಪರ್ಟಿ ಬಳಸುವುದು ಅಡಿಗೆರೆಯಿಲ್ಲದ ಆ ಐವಾರನ್ನೇ. ಇಂದು ಆ ಸಾಲು ಅನಗತ್ಯವೆಂದು ಅಳಿಸಿದ ಕೂಡಲೇ ಕಂಪೈಲರ್ ‘_ಮಳೆಪಟ್ಟಿ’ ಎಂಬ ಹೊಸ ಐವಾರನ್ನು ತಾನೇ ಮಾಡಿಕೊಳ್ಳುತ್ತದೆ. ಈಗ ಒಂದೇ ಹೆಸರಿನಂತೆ ಕಾಣುವ ಎರಡು ಜಾಗಗಳಿವೆ: ಹಳೆಯ ಮೆಥಡ್‌ಗಳು ಅಡಿಗೆರೆಯಿಲ್ಲದ್ದಕ್ಕೆ ಬರೆಯುತ್ತವೆ, ಚುಕ್ಕೆಯಿಟ್ಟು ಓದುವ ಪರದೆ ಅಡಿಗೆರೆಯಿರುವ ಖಾಲಿ ಜಾಗದಿಂದ ಓದುತ್ತದೆ. ಕಂಪೈಲರ್ ಇದರ ಬಗ್ಗೆಯೂ ಎಚ್ಚರಿಸುತ್ತದೆ, ಆದರೆ ಹಳೆಯ ಪ್ರಾಜೆಕ್ಟಿನ ಇನ್ನೂರು ಎಚ್ಚರಿಕೆಗಳ ನಡುವೆ ಆ ಒಂದು ಸಾಲನ್ನು ಯಾರೂ ಓದುವುದಿಲ್ಲ. ಹಳೆಯ ಐವಾರ್ ಘೋಷಣೆಯನ್ನು ತೆಗೆದುಬಿಡಿ; ಅದನ್ನು ಬಳಸುತ್ತಿದ್ದ ಪ್ರತಿಯೊಂದು ಜಾಗವನ್ನೂ ಕಂಪೈಲರ್ ಕೆಂಪು ತಪ್ಪಾಗಿ ತೋರಿಸುತ್ತದೆ, ಒಂದೊಂದಾಗಿ ತಿದ್ದಬಹುದು.

ಐವಾರಿನ ಹೆಸರಿನದೇ ಲೋಕಲ್ ವೇರಿಯಬಲ್ ಮೆಥಡ್‌ನೊಳಗೆ ಇದ್ದರೂ ಇದೇ ಲಕ್ಷಣ ಕಾಣುತ್ತದೆ. ಲೋಕಲ್‌ನ ಹೆಸರು ಬದಲಿಸಿದರೆ ಮುಗಿಯಿತು.

ಲಕ್ಷಣ: ಉಳಿಸಿಟ್ಟ ಮೌಲ್ಯ ಯಾರೂ ಮುಟ್ಟದೆ ಬದಲಾಗುತ್ತದೆ

ಸೋಮವಾರದ ಕೊಯ್ಲಿನ ತೂಕಗಳನ್ನು ದಾಖಲೆಗೆ ಸೇರಿಸಿದ್ದೀರಿ, ನೋಡಿದ್ದೀರಿ, ಸರಿಯಾಗಿತ್ತು. ಮಂಗಳವಾರ ಬೆಳಿಗ್ಗೆ ಹೊಸ ದಿನ ಆರಂಭಿಸಿದ ಮೇಲೆ ಸೋಮವಾರದ ಪುಟವೂ ಖಾಲಿ. ಇಲ್ಲಿ ದಾಖಲೆ ಅಳಿದಿಲ್ಲ. ಸೋಮವಾರದ ದಾಖಲೆ ಹಿಡಿದುಕೊಂಡಿರುವ ಪಟ್ಟಿಯೂ, ಮಂಗಳವಾರಕ್ಕೆಂದು ನೀವು ಖಾಲಿ ಮಾಡಿದ ಪಟ್ಟಿಯೂ ಒಂದೇ ಆಬ್ಜೆಕ್ಟ್. ಡೀಬಗರ್‌ನಲ್ಲಿ ಎರಡರ ವಿಳಾಸವನ್ನೂ ಮುದ್ರಿಸಿ ನೋಡಿ. ಒಂದೇ ಸಂಖ್ಯೆ ಬಂದರೆ ರೋಗ ತಿಳಿಯಿತು.

ಮ್ಯೂಟಬಲ್ (ಬದಲಾಯಿಸಬಹುದಾದ) ರೂಪವಿರುವ ಕ್ಲಾಸ್‌ಗಳಿಗೆ (ಆಬ್ಜೆಕ್ಟ್‌ಗಳ ಅಚ್ಚುಗಳಿಗೆ), ಅಂದರೆ ಸ್ಟ್ರಿಂಗ್ (ಪಠ್ಯ), ಅರೇ (ಪಟ್ಟಿ), ಡಿಕ್ಷನರಿ ಮುಂತಾದವುಗಳಿಗೆ, ಪ್ರಾಪರ್ಟಿಯಲ್ಲಿ ಅದೇ ಆಬ್ಜೆಕ್ಟನ್ನು ಹಿಡಿದುಕೊಳ್ಳುವ ‘ಸ್ಟ್ರಾಂಗ್’ ಬದಲು ಅದರ ಪ್ರತಿಯನ್ನು ಹಿಡಿಯುವ ‘ಕಾಪಿ’ ಎಂದು ಬರೆಯುವುದು ಇದಕ್ಕಾಗಿಯೇ. ಆದರೆ ಘೋಷಣೆಯಲ್ಲಿ ಕಾಪಿ ಎಂದು ಬರೆದೂ ದೋಷ ಹೋಗದಿದ್ದರೆ ಇನಿಟ್ ಮೆಥಡ್ ತೆರೆಯಿರಿ. ಅಲ್ಲಿ ‘_ತೂಕಗಳು = ತೂಕಗಳು’ ಎಂದಿದ್ದರೆ ಕಾಪಿ ನಡೆಯುವುದೇ ಇಲ್ಲ: ಪ್ರತಿ ತೆಗೆಯುವುದು ಸೆಟ್ಟರ್‌ನ ಕೆಲಸ, ಅಡಿಗೆರೆ ಸೆಟ್ಟರನ್ನು ದಾಟಿ ಹೋಗುತ್ತದೆ. ಎಆರ್‌ಸಿ ಬಂದ ಮೇಲೆ ಚುಕ್ಕೆ, ಅಡಿಗೆರೆ ಎರಡೂ ಒಂದೇ ಎಂದು ಹೇಳುವವರಿದ್ದಾರೆ. ಹಿಡಿದುಕೊಳ್ಳುವ ವಿಷಯದಲ್ಲಿ ಆ ಮಾತು ನಿಜ, ಪ್ರತಿ ತೆಗೆಯುವ ವಿಷಯದಲ್ಲಿ ನಿಜವಲ್ಲ. ಇನಿಟ್‌ನಲ್ಲಿ ಐವಾರನ್ನೇ ಬಳಸಿ, ಆದರೆ ಬಲಬದಿಯಲ್ಲಿ ಕಾಪಿ ಸಂದೇಶವನ್ನು ನೀವೇ ಕಳುಹಿಸಿ.

ಇದರ ತಿರುವುಮುರುವಾದ ದೋಷವೂ ಉಂಟು. ಮ್ಯೂಟಬಲ್ ಅರೇ ಎಂದು ಘೋಷಿಸಿದ ಪ್ರಾಪರ್ಟಿಗೆ ಕಾಪಿ ಹಾಕಿದರೆ ಒಳಗೆ ಕುಳಿತುಕೊಳ್ಳುವುದು ಬದಲಾಯಿಸಲಾಗದ ಅರೇ. ಮೊದಲ ಸಲ ಅದಕ್ಕೆ ಏನನ್ನಾದರೂ ಸೇರಿಸಿದಾಗ ‘ಅನ್‌ರೆಕಗ್ನೈಸ್ಡ್ ಸೆಲೆಕ್ಟರ್’ (ಈ ಸಂದೇಶ ನನಗೆ ಗೊತ್ತಿಲ್ಲ) ಎಂದು ಆ್ಯಪ್ ಮುಚ್ಚಿಕೊಳ್ಳುತ್ತದೆ. ಅಲ್ಲಿ ಸ್ಟ್ರಾಂಗ್ ಇರಲಿ. ಹಾಗೆಯೇ, ಅರೇಯ ಪ್ರತಿ ತೆಗೆದರೆ ಅದರೊಳಗಿನ ಆಬ್ಜೆಕ್ಟ್‌ಗಳ ಪ್ರತಿ ಆಗುವುದಿಲ್ಲ ಎಂಬುದನ್ನು ಮರೆಯಬಾರದು.

ಲಕ್ಷಣ: ಮೌಲ್ಯ ಬದಲಾಗಿದೆ, ಪರದೆ ಬದಲಾಗಿಲ್ಲ

ಪುಟ ಮುಚ್ಚಿ ತೆರೆದರೆ ಹೊಸ ಮೌಲ್ಯ ಕಾಣುತ್ತದೆ, ಆದರೆ ಬರೆದ ಕೂಡಲೇ ಕಾಣುವುದಿಲ್ಲ. ಸೆಟ್ಟರ್‌ನಲ್ಲಿ ನೀವು ಬರೆದ ಹೆಚ್ಚುವರಿ ಕೆಲಸ, ಅಥವಾ ಕೀ-ವ್ಯಾಲ್ಯೂ ಅಬ್ಸರ್ವಿಂಗ್ ಮೂಲಕ ಬೇರೆ ಆಬ್ಜೆಕ್ಟ್‌ಗೆ ಹೋಗಬೇಕಾದ ಸೂಚನೆ, ಬಾಗಿಲ ಮೂಲಕ ಬಂದವರಿಗೆ ಮಾತ್ರ ನಡೆಯುತ್ತದೆ. ಆ ಕ್ಲಾಸಿನ ಕಡತದಲ್ಲಿ ಐವಾರಿನ ಹೆಸರು ಹುಡುಕಿ, ಇನಿಟ್, ಡೀಆಲಾಕ್ (ಆಬ್ಜೆಕ್ಟ್ ಅಳಿಯುವಾಗ ನಡೆಯುವ ಮೆಥಡ್) ಮತ್ತು ಸೆಟ್ಟರ್ ಗೆಟ್ಟರ್‌ಗಳನ್ನು ಬಿಟ್ಟು ಉಳಿದೆಡೆ ಇರುವ ಅಡಿಗೆರೆಗಳನ್ನು ಚುಕ್ಕೆ ಮಾಡಿ. ಅದರಿಂದಲೂ ಹೋಗದಿದ್ದರೆ ಪರದೆಯ ಕೆಲಸ ಮೇನ್ ಥ್ರೆಡ್‌ನಲ್ಲಿ (ಏಕಕಾಲಕ್ಕೆ ಓಡುವ ಕೆಲಸದ ಎಳೆಗಳಲ್ಲಿ ಮುಖ್ಯವಾದದ್ದರಲ್ಲಿ) ನಡೆಯುತ್ತಿದೆಯೇ ಎಂದು ನೋಡಿ.

ಲಕ್ಷಣ: ಆ್ಯಪ್ ದಿಢೀರನೆ ಮುಚ್ಚಿಕೊಳ್ಳುತ್ತದೆ, ಪ್ರತಿಸಲ ಬೇರೆ ಬೇರೆ ಜಾಗದಲ್ಲಿ

ಎಕ್ಸ್‌ಕೋಡಿನಲ್ಲಿ ‘ಬ್ಯಾಡ್ ಆಕ್ಸೆಸ್’ ಎಂದು ಕಾಣುವ ಈ ಲಕ್ಷಣ ಹೆಚ್ಚು ಹೆದರಿಸುವಂಥದ್ದು. ಅಳಿದುಹೋದ ಆಬ್ಜೆಕ್ಟಿನ ಜಾಗಕ್ಕೆ ಯಾರೋ ಇನ್ನೂ ಬೆರಳು ತೋರಿಸುತ್ತಿದ್ದಾರೆ ಎಂಬುದು ಇದರ ಸಾಮಾನ್ಯ ಅರ್ಥ. ಆ ಜಾಗಕ್ಕೆ ಈಗಾಗಲೇ ಬೇರೊಂದು ಆಬ್ಜೆಕ್ಟ್ ಬಂದು ಕುಳಿತಿದ್ದರೆ, ಸಂಬಂಧವೇ ಇಲ್ಲದ ಕ್ಲಾಸಿನ ಹೆಸರಿನೊಂದಿಗೆ ‘ಅನ್‌ರೆಕಗ್ನೈಸ್ಡ್ ಸೆಲೆಕ್ಟರ್’ ಎಂದೂ ಬರಬಹುದು. ದಿನಾಂಕಕ್ಕೆ ‘ಎಷ್ಟು ಅಂಶಗಳಿವೆ’ ಎಂದು ಕೇಳಿದಂತೆ ಸಂದೇಶ ಕಂಡರೆ ದಿನಾಂಕದ ಕೋಡನ್ನು ಹುಡುಕುತ್ತಾ ಕೂರಬೇಡಿ.

ಮೊದಲು ಸಂದೇಶದಲ್ಲಿರುವ ವಿಳಾಸವನ್ನೂ ಪಕ್ಕದ ಸ್ಟ್ಯಾಕನ್ನೂ (ಯಾವ ಮೆಥಡ್ ಯಾವುದನ್ನು ಕರೆಯಿತು ಎಂಬ ಪಟ್ಟಿಯನ್ನೂ) ಓದಿ, ಇದಕ್ಕೆ ಏನೂ ಖರ್ಚಿಲ್ಲ. ವಿಳಾಸ ಸೊನ್ನೆಗೆ ಬಹಳ ಹತ್ತಿರವಿದ್ದರೆ ಅದು ಅಳಿದ ಆಬ್ಜೆಕ್ಟ್ ಅಲ್ಲ, ನಿಲ್. ನಿಲ್‌ಗೆ ಸಂದೇಶ ಕಳುಹಿಸಬಹುದು, ಆದರೆ ನಿಲ್ ಆದ ಆಬ್ಜೆಕ್ಟಿನೊಳಗಿನ ಐವಾರನ್ನು ಬಾಣದ ಗುರುತಿನಿಂದ ಓದಲು ಹೋದರೆ, ಅಥವಾ ನಿಲ್ ಆದ ಬ್ಲಾಕನ್ನು (ಮುಂದೆ ಓಡಿಸಲು ಮೌಲ್ಯದಂತೆ ಇಟ್ಟುಕೊಂಡ ಕೋಡ್ ತುಣುಕನ್ನು) ಕರೆದರೆ, ಆ್ಯಪ್ ಬೀಳುತ್ತದೆ. 64 ಬಿಟ್ ಸಾಧನಗಳಲ್ಲಿ ನಿಲ್ ಬ್ಲಾಕನ್ನು ಕರೆದಾಗ ಕಾಣುವ ವಿಳಾಸ ಹೆಕ್ಸಾಡೆಸಿಮಲ್ 10, ಅಂದರೆ 16ನೆಯ ಬೈಟು. ಬ್ಲಾಕಿನೊಳಗೆ ಓಡಬೇಕಾದ ಕೋಡಿನ ಪಾಯಿಂಟರ್ ಇರುವುದು ಅಲ್ಲಿ. ಕರೆಯುವ ಮೊದಲು ಬ್ಲಾಕ್ ಇದೆಯೇ ಎಂದು ಕೇಳುವ ಒಂದು ಸಾಲು ಸೇರಿಸಿದರೆ ಸಾಕು.

ಸ್ಟ್ಯಾಕಿನಲ್ಲಿ ಒಂದೇ ಸೆಟ್ಟರ್‌ನ ಹೆಸರು ಸಾವಿರಾರು ಸಾಲು ಕಂಡರೆ, ಸೆಟ್ಟರ್‌ನ ಒಳಗೇ ಚುಕ್ಕೆಯಿಟ್ಟು ಬರೆದಿದ್ದೀರಿ. ಚುಕ್ಕೆ ಮತ್ತೆ ಅದೇ ಸೆಟ್ಟರನ್ನು ಕರೆಯುತ್ತದೆ, ಅದು ಮತ್ತೆ ತನ್ನನ್ನೇ ಕರೆಯುತ್ತದೆ. ಬಾಗಿಲ ಒಳಗೆ ನಿಂತವರು ಅಡಿಗೆರೆಯನ್ನೇ ಬಳಸಬೇಕು.

ಈ ಎರಡೂ ಅಲ್ಲವಾದರೆ ಪ್ರಾಡಕ್ಟ್ ಮೆನುವಿನಲ್ಲಿರುವ ‘ಅನಲೈಜ್’ ಒತ್ತಿ. ಆ್ಯಪ್ ಓಡಿಸದೆಯೇ, ಯಾವ ದಾರಿಯಲ್ಲಿ ಹೋದರೆ ಆಬ್ಜೆಕ್ಟ್ ಅಳಿದ ಮೇಲೂ ಬಳಕೆಯಾಗುತ್ತದೆ ಎಂದು ಇದು ನೀಲಿ ಬಾಣಗಳಲ್ಲಿ ಎಳೆದು ತೋರಿಸುತ್ತದೆ. ಎಆರ್‌ಸಿಯ ಹೊರಗಿರುವ ಕಡತಗಳಲ್ಲಿ ಇದರಷ್ಟು ಬೇಗ ಫಲ ಕೊಡುವ ಪರೀಕ್ಷೆ ಮತ್ತೊಂದಿಲ್ಲ.

ಆಮೇಲೆ ಜಾಂಬಿ ಪರೀಕ್ಷೆ. ಎಕ್ಸ್‌ಕೋಡಿನಲ್ಲಿ ಸ್ಕೀಮ್‌ನ (ಆ್ಯಪ್ ಓಡಿಸುವ ಹೊಂದಿಕೆಗಳ) ಡಯಾಗ್ನಾಸ್ಟಿಕ್ಸ್ ಪುಟದಲ್ಲಿ ‘ಜಾಂಬಿ ಆಬ್ಜೆಕ್ಟ್ಸ್’ ಆಯ್ದುಕೊಂಡರೆ, ಅಳಿಯಬೇಕಾದ ಆಬ್ಜೆಕ್ಟ್‌ಗಳು ಅಳಿಯದೆ ಹೆಣದಂತೆ ಅಲ್ಲೇ ಉಳಿದು, ಯಾರಾದರೂ ಮುಟ್ಟಿದ ಕೂಡಲೇ ತಾನು ಯಾವ ಕ್ಲಾಸಿನವನು, ತನಗೆ ಯಾವ ಸಂದೇಶ ಬಂತು ಎಂದು ಹೇಳುತ್ತವೆ. ಆ ಒಂದು ಸಾಲು ಬೆಲೆ ಬಾಳುವಂಥದ್ದು. ಆದರೆ ಈ ಪರೀಕ್ಷೆ ನಡೆಯುವಾಗ ಮೆಮೊರಿ ಬಿಡುಗಡೆಯಾಗುವುದಿಲ್ಲವಾದ್ದರಿಂದ ಅದೇ ಹೊತ್ತಿನಲ್ಲಿ ಮೆಮೊರಿಯ ಅಳತೆ ಮಾಡಬಾರದು, ಕೆಲಸ ಮುಗಿದ ಕೂಡಲೇ ಆಯ್ಕೆಯನ್ನು ತೆಗೆದುಬಿಡಬೇಕು.

ನನ್ನ ಮಳೆ ಆ್ಯಪಿನ ಮೊದಲ ದೊಡ್ಡ ದೋಷ ಸಿಕ್ಕಿದ್ದು ಹೀಗೆಯೇ. ಅದು ಎಆರ್‌ಸಿಗೆ ಮುಂಚಿನ ಕಾಲ. ಪುಟ ತೆರೆದರೆ ಆ ತಿಂಗಳ ಪಟ್ಟಿ ಚೆನ್ನಾಗಿ ಮೂಡುತ್ತಿತ್ತು, 3 ಇಂಚು 42 ಸೆಂಟ್, 1 ಇಂಚು 8 ಸೆಂಟ್, ಎಲ್ಲವೂ ಸರಿಯಾಗಿ. ಬೆರಳಿಟ್ಟು ಪಟ್ಟಿಯನ್ನು ಸರಿಸಿದ ಕ್ಷಣ ಆ್ಯಪ್ ಮುಚ್ಚಿಕೊಳ್ಳುತ್ತಿತ್ತು. ಸರಿಸುವ ಕೋಡನ್ನೇ ಎರಡು ದಿನ ಓದಿದೆ. ಜಾಂಬಿ ಪರೀಕ್ಷೆ ಹೇಳಿದ್ದು ಬೇರೆ: ಅಳಿದದ್ದು ಮಳೆಪಟ್ಟಿಯ ಅರೇ. ಪುಟ ತೆರೆಯುವ ಮೆಥಡ್‌ನಲ್ಲಿ ನಾನು ಅರೇ ಕ್ಲಾಸಿನಿಂದಲೇ ಆಟೋರಿಲೀಸ್ ಆದ, ಅಂದರೆ ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ರಿಲೀಸ್ ಆಗುವ, ಪಟ್ಟಿಯನ್ನು ಪಡೆದು, ‘ಸೆಲ್ಫ್’ ಮತ್ತು ಚುಕ್ಕೆಯಿಲ್ಲದೆ ನೇರ ಐವಾರಿಗೆ ಕೊಟ್ಟಿದ್ದೆ. ಸೆಟ್ಟರ್ ನಡೆಯಲಿಲ್ಲ, ಆದ್ದರಿಂದ ರಿಟೇನ್ ನಡೆಯಲಿಲ್ಲ. ಪರದೆ ಮೂಡುವವರೆಗೆ ಆಟೋರಿಲೀಸ್ ಪೂಲ್ ಪಟ್ಟಿಯನ್ನು ಹಿಡಿದಿತ್ತು. ಆ ಸುತ್ತು ಮುಗಿದು ಪೂಲ್ ಬರಿದಾದ ಮೇಲೆ ಹಿಡಿದವರು ಯಾರೂ ಇರಲಿಲ್ಲ. ಘೋಷಣೆಯಲ್ಲಿ ರಿಟೇನ್ ಎಂದು ಬರೆದದ್ದು ಸೆಟ್ಟರ್‌ಗೆ ಕೊಟ್ಟ ಆಜ್ಞೆಯೇ ಹೊರತು ಐವಾರಿನ ಗುಣವಲ್ಲ ಎಂಬುದು ನನಗೆ ಅಂದು ಅರ್ಥವಾಯಿತು. ತಿದ್ದುಪಡಿ ಇಂಗ್ಲಿಷಿನಲ್ಲಿ ಐದು ಅಕ್ಷರದ್ದು: ‘self’ ಮತ್ತು ಒಂದು ಚುಕ್ಕೆ.

ಎಆರ್‌ಸಿಯ ಒಳಗಿರುವ ಕಡತದಲ್ಲಿ ಇದೇ ಸಾಲು ಸರಿಯಾಗಿಯೇ ನಡೆಯುತ್ತದೆ, ಏಕೆಂದರೆ ಅಲ್ಲಿ ಆಬ್ಜೆಕ್ಟ್ ಐವಾರುಗಳು ಬೇರೆ ಹೇಳದಿದ್ದರೆ ಸ್ಟ್ರಾಂಗ್. ಅಲ್ಲಿ ಹುಡುಕಬೇಕಾದದ್ದು ಆಬ್ಜೆಕ್ಟ್‌ಗಳ ಮೇಲಿರುವ ‘ಅಸೈನ್’ ಮತ್ತು ‘ಅನ್‌ಸೇಫ್ ಅನ್‌ರಿಟೇನ್ಡ್’ ಎಂಬ ಪದಗಳನ್ನು. ವೀಕ್‌ನಂತೆ ಇವು ನಿಲ್ ಆಗುವುದಿಲ್ಲ, ಅಳಿದ ಜಾಗವನ್ನೇ ತೋರಿಸುತ್ತಾ ನಿಂತಿರುತ್ತವೆ. ಐಓಎಸ್ 5ಕ್ಕಿಂತ ಹಿಂದೆ ವೀಕ್ ಇರಲಿಲ್ಲವಾದ್ದರಿಂದ ಹಳೆಯ ಡೆಲಿಗೇಟ್ (ಏನು ನಡೆಯಿತೆಂದು ಸೂಚನೆ ಪಡೆಯುವ ಮತ್ತೊಂದು ಆಬ್ಜೆಕ್ಟ್) ಪ್ರಾಪರ್ಟಿಗಳಲ್ಲಿ ಅಸೈನ್ ಎಂದೇ ಇರುತ್ತದೆ. ಅವನ್ನು ವೀಕ್ ಮಾಡಿದರೆ ಎಷ್ಟೋ ಕ್ರ್ಯಾಶ್‌ಗಳು ಅಲ್ಲಿಗೇ ನಿಲ್ಲುತ್ತವೆ. ಪೂರ್ಣಾಂಕ, ದಶಮಾಂಶದಂಥ ಮೌಲ್ಯಗಳ ಮೇಲಿರುವ ಅಸೈನ್ ಮಾತ್ರ ಸರಿಯಾದದ್ದೇ, ಅದನ್ನು ಮುಟ್ಟಬೇಡಿ.

ಪುಟ ಮುಚ್ಚುವಾಗ ಮಾತ್ರ ಕ್ರ್ಯಾಶ್ ಆಗುತ್ತಿದ್ದರೆ ಡೀಆಲಾಕ್ ಮೆಥಡ್ ನೋಡಿ. ಅಲ್ಲಿ ಚುಕ್ಕೆ ಇದ್ದರೆ ಅಡಿಗೆರೆ ಮಾಡಿ: ಅರ್ಧ ಅಳಿದಿರುವ ಆಬ್ಜೆಕ್ಟಿನ ಮೇಲೆ ಸೆಟ್ಟರ್ ಓಡಿದರೆ, ಮತ್ತು ಉಪಕ್ಲಾಸ್ ಆ ಸೆಟ್ಟರನ್ನು ತನಗೆ ಬೇಕಾದಂತೆ ಬದಲಿಸಿಕೊಂಡಿದ್ದರೆ, ಆಗಲೇ ಬಿಡುಗಡೆಯಾದದ್ದನ್ನು ಅದು ಮುಟ್ಟಬಹುದು. ಇನಿಟ್‌ಗೂ ಇದೇ ನಿಯಮ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ‘ರಿಟೇನ್ ಕೌಂಟ್’ (ಆಬ್ಜೆಕ್ಟನ್ನು ಎಷ್ಟು ಸಲ ಹಿಡಿಯಲಾಗಿದೆ ಎಂಬ ಸಂಖ್ಯೆ) ಎಷ್ಟಿದೆ ಎಂದು ಮುದ್ರಿಸಿ, ಅದಕ್ಕೆ ಸರಿಹೊಂದುವಂತೆ ರಿಲೀಸ್‌ಗಳನ್ನು ಸೇರಿಸುತ್ತಾ ಹೋಗಬೇಡಿ. ಸಿಸ್ಟಮ್ ತನ್ನ ಕೆಲಸಕ್ಕೆ ಹಿಡಿದದ್ದೂ ಆ ಸಂಖ್ಯೆಯಲ್ಲಿ ಸೇರಿರುತ್ತದೆ, ಆಟೋರಿಲೀಸ್ ಆಗಿ ಕಾಯುತ್ತಿರುವುದು ಅದರಲ್ಲಿ ಕಾಣುವುದಿಲ್ಲ. ಹಾಗೆ ‘ಸರಿ’ ಮಾಡಿದ ಕೋಡ್ ಮುಂದಿನ ಐಓಎಸ್ ಆವೃತ್ತಿಯಲ್ಲಿ ಮತ್ತೆ ಬೀಳುತ್ತದೆ.

ಲಕ್ಷಣ: ಹೊತ್ತು ಕಳೆದಂತೆ ಆ್ಯಪ್ ಭಾರವಾಗುತ್ತದೆ

ಬೆಳಿಗ್ಗೆ ಚುರುಕಾಗಿದ್ದ ಆ್ಯಪ್ ಮಧ್ಯಾಹ್ನದ ತೂಕದ ಹೊತ್ತಿಗೆ ತಡವರಿಸುತ್ತದೆ. ಇಲ್ಲಿ ದೋಷ ಹಿಂದಿನದಕ್ಕೆ ವಿರುದ್ಧವಾದದ್ದು: ಬಿಡಬೇಕಾದದ್ದನ್ನು ಯಾರೋ ಬಿಡುತ್ತಿಲ್ಲ.

ಎಕ್ಸ್‌ಕೋಡಿನ ಮೆಮೊರಿ ಗೇಜ್ ತೆರೆದಿಟ್ಟು, ಅನುಮಾನವಿರುವ ಪುಟವನ್ನು ಹತ್ತು ಸಲ ತೆರೆದು ಮುಚ್ಚಿ. ಮೊದಲ ಎರಡು ಸಲ ಏರಿ ಆಮೇಲೆ ಸಮನಾದರೆ ಅದು ಮತ್ತೆ ಬೇಕಾದೀತೆಂದು ಸಿಸ್ಟಮ್ ಇಟ್ಟುಕೊಂಡ ಸಂಗ್ರಹ (ಕ್ಯಾಶ್), ಬಿಟ್ಟುಬಿಡಿ. ಪ್ರತಿಸಲವೂ ಒಂದು ಮೆಟ್ಟಿಲಿನಂತೆ ಏರಿದರೆ ಆ ಪುಟದ ಡೀಆಲಾಕ್ ಮೆಥಡ್‌ನಲ್ಲಿ ಒಂದು ಸಾಲು ಮುದ್ರಿಸುವಂತೆ ಬರೆಯಿರಿ. ಹತ್ತು ಸಲ ಮುಚ್ಚಿದರೆ ಹತ್ತು ಸಾಲು ಬರಬೇಕು. ಒಂದೂ ಬರದಿದ್ದರೆ ಆ ಪುಟ ವರ್ತುಲದಲ್ಲಿ ಸಿಕ್ಕಿಕೊಂಡಿರುವ ಸಾಧ್ಯತೆಯೇ ಹೆಚ್ಚು.

ವರ್ತುಲವೆಂದರೆ ಎರಡು ಆಬ್ಜೆಕ್ಟ್‌ಗಳು ಒಂದನ್ನೊಂದು ಸ್ಟ್ರಾಂಗ್ ಆಗಿ ಹಿಡಿದುಕೊಂಡಿರುವುದು. ತೋಟ ಎಂಬ ಆಬ್ಜೆಕ್ಟ್ ತನ್ನ ಬ್ಲಾಕುಗಳ (ಇಲ್ಲಿ ಕೋಡಿನ ಬ್ಲಾಕಲ್ಲ, ತೋಟದ ಭಾಗಗಳ) ಪಟ್ಟಿಯನ್ನು ಹಿಡಿದಿರಬೇಕು, ಅದು ಸಹಜ. ಬ್ಲಾಕಿಗೂ ತನ್ನ ತೋಟ ಯಾವುದೆಂದು ಗೊತ್ತಿರಬೇಕು, ಅದೂ ಸಹಜ. ಆದರೆ ಬ್ಲಾಕಿನಲ್ಲಿರುವ ತೋಟದ ಪ್ರಾಪರ್ಟಿಯೂ ಸ್ಟ್ರಾಂಗ್ ಆದರೆ ಎರಡಕ್ಕೂ ಬಿಡುಗಡೆಯಿಲ್ಲ. ಮೇಲಿನದು ಕೆಳಗಿನದನ್ನು ಹಿಡಿಯಲಿ, ಕೆಳಗಿನದು ಮೇಲಿನದನ್ನು ವೀಕ್ ಆಗಿ ತೋರಿಸಲಿ. ಎಆರ್‌ಸಿ ಈ ವರ್ತುಲವನ್ನು ತಾನೇ ಬಿಡಿಸುವುದಿಲ್ಲ. ಅದು ರಿಟೇನ್ ರಿಲೀಸ್‌ಗಳನ್ನು ಬರೆದುಕೊಡುತ್ತದೆ, ಹಿಡಿತದ ವಿನ್ಯಾಸ ನಮ್ಮದೇ.

ಹುಡುಕುವ ಕ್ರಮದಲ್ಲಿ ಡೆಲಿಗೇಟ್ ಮೊದಲನೆಯದು, ವೀಕ್ ಇದೆಯೇ ಎಂದು ನೋಡಿದರೆ ಮುಗಿಯಿತು. ಎರಡನೆಯದು ಕೋಡ್ ಬ್ಲಾಕ್‌ಗಳು, ಮತ್ತು ಇಲ್ಲಿ ಅಡಿಗೆರೆ ಮತ್ತೊಮ್ಮೆ ಮೋಸ ಮಾಡುತ್ತದೆ. ಬ್ಲಾಕಿನೊಳಗೆ ‘ಸೆಲ್ಫ್’ ಎಂಬ ಪದ ಎಲ್ಲೂ ಇಲ್ಲ, ಹಾಗಾಗಿ ಅದು ಸೆಲ್ಫನ್ನು ಹಿಡಿದಿಲ್ಲ ಎಂದು ನಂಬುತ್ತೇವೆ. ಆದರೆ ‘_ಮಳೆಪಟ್ಟಿ’ ಎಂದು ಬರೆದರೂ ಕಂಪೈಲರ್ ಅದನ್ನು ಸೆಲ್ಫ್‌ನ ಒಳಗಿನ ಮಳೆಪಟ್ಟಿ ಎಂದೇ ಓದಿ ಇಡೀ ಸೆಲ್ಫನ್ನು ಸ್ಟ್ರಾಂಗ್ ಆಗಿ ಹಿಡಿಯುತ್ತದೆ. ಆ ಬ್ಲಾಕನ್ನು ಸೆಲ್ಫ್ ತನ್ನದೊಂದು ಪ್ರಾಪರ್ಟಿಯಲ್ಲಿ ಇಟ್ಟುಕೊಂಡಿದ್ದರೆ ವರ್ತುಲ ಪೂರ್ಣವಾಯಿತು. ಹೊರಗೆ ವೀಕ್ ಸೆಲ್ಫ್ ಮಾಡಿಕೊಂಡು, ಒಳಗೆ ಅದನ್ನು ಸ್ಟ್ರಾಂಗ್ ಲೋಕಲ್‌ಗೆ ತೆಗೆದುಕೊಂಡು, ನಿಲ್ ಅಲ್ಲವೆಂದು ನೋಡಿ ಚುಕ್ಕೆಯಿಂದ ಬಳಸಿ. ಹಾಗೆಂದು ಕಂಡ ಕಂಡ ಬ್ಲಾಕಿಗೆಲ್ಲ ವೀಕ್ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಅನಿಮೇಷನ್ ಬ್ಲಾಕನ್ನು ಸೆಲ್ಫ್ ಹಿಡಿದಿಟ್ಟುಕೊಳ್ಳುವುದಿಲ್ಲ, ಅಲ್ಲಿ ವರ್ತುಲವಿಲ್ಲ. ದತ್ತಾಂಶ ಉಳಿಸುವ ಬ್ಲಾಕಿನಲ್ಲಿ ವೀಕ್ ಹಾಕಿದರೆ, ಪುಟ ಬೇಗ ಮುಚ್ಚಿದಾಗ ಸೆಲ್ಫ್ ನಿಲ್ ಆಗಿ ಕೊನೆಯ ತೂಕ ದಾಖಲಾಗದೆ ಹೋಗಬಹುದು.

ಮೂರನೆಯದು ಟೈಮರ್. ಮತ್ತೆ ಮತ್ತೆ ಓಡುವ ಟೈಮರ್ ತನ್ನ ಟಾರ್ಗೆಟ್ ಆಬ್ಜೆಕ್ಟನ್ನು ಹಿಡಿದಿರುತ್ತದೆ, ಟೈಮರನ್ನು ರನ್‌ಲೂಪ್ (ಆ್ಯಪಿಗೆ ಬರುವ ಘಟನೆಗಳನ್ನು ಕಾಯುವ ಸುತ್ತು) ಹಿಡಿದಿರುತ್ತದೆ. ಟೈಮರಿನ ಪ್ರಾಪರ್ಟಿಯನ್ನು ವೀಕ್ ಮಾಡಿದರೂ ಈ ಸರಪಳಿ ತುಂಡಾಗುವುದಿಲ್ಲ, ಮತ್ತು ಟೈಮರ್ ನಿಲ್ಲಿಸುವ ಸಾಲನ್ನು ಡೀಆಲಾಕ್‌ನಲ್ಲಿ ಬರೆದರೆ ಆ ಡೀಆಲಾಕ್ ಬರುವುದೇ ಇಲ್ಲ. ಪುಟ ಮರೆಯಾಗುವ ಮೆಥಡ್‌ನಲ್ಲಿ ಇನ್‌ವ್ಯಾಲಿಡೇಟ್ ಮಾಡಿ. ಐಓಎಸ್ 10ರಿಂದ ಈಚೆಗೆ ಬ್ಲಾಕ್ ಕೊಡುವ ಟೈಮರ್ ಇದೆ, ಅದರಲ್ಲಿ ವೀಕ್ ಸೆಲ್ಫ್ ಬಳಸಬಹುದು. ಆಗಲೂ ಇನ್‌ವ್ಯಾಲಿಡೇಟ್ ಮಾಡದಿದ್ದರೆ ಟೈಮರ್ ಓಡುತ್ತಲೇ ಇರುತ್ತದೆ.

ಈ ಮೂರರಲ್ಲೂ ಸಿಗದಿದ್ದರೆ ಎಕ್ಸ್‌ಕೋಡ್ 8ರಿಂದ ಬಂದಿರುವ ಮೆಮೊರಿ ಗ್ರಾಫ್ ಗುಂಡಿಯನ್ನು ಒತ್ತಿ, ಉಳಿದುಕೊಂಡಿರುವ ಪುಟದ ಹೆಸರನ್ನು ಹುಡುಕಿ, ಅದರತ್ತ ಬರುವ ಬಾಣಗಳನ್ನು ಹಿಂದಕ್ಕೆ ಓದುತ್ತಾ ಹೋಗಿ. ಎಕ್ಸ್‌ಕೋಡಿನ ಜೊತೆಗೆ ಬರುವ ಇನ್‌ಸ್ಟ್ರುಮೆಂಟ್ಸ್‌ನ ಲೀಕ್ಸ್ ಪರೀಕ್ಷೆ ‘ಏನೂ ಇಲ್ಲ’ ಎಂದು ಹೇಳಿದರೆ ನಿಶ್ಚಿಂತರಾಗಬೇಡಿ. ಯಾವುದೋ ಸಿಂಗಲ್ಟನ್ನಿನ (ಇಡೀ ಆ್ಯಪಿಗೆ ಒಂದೇ ಇರುವ ಆಬ್ಜೆಕ್ಟಿನ) ಪಟ್ಟಿಯಲ್ಲಿ ಸೇರಿಕೊಂಡು ಮರೆತುಹೋದ ಆಬ್ಜೆಕ್ಟ್ ಅದರ ದೃಷ್ಟಿಯಲ್ಲಿ ಲೀಕ್ ಅಲ್ಲ, ಏಕೆಂದರೆ ಅದನ್ನು ತಲುಪುವ ದಾರಿ ಇನ್ನೂ ಇದೆ. ಅಂಥದ್ದು ಅಲೊಕೇಶನ್ಸ್‌ನಲ್ಲಿ, ಪ್ರತಿ ಸುತ್ತಿಗೊಂದು ಜನರೇಶನ್ ಗುರುತು ಹಾಕಿ ಹೋಲಿಸಿದಾಗ ಮಾತ್ರ ಕಾಣುತ್ತದೆ. ಹೆಸರಿನಲ್ಲಿ ‘ಕ್ರಿಯೇಟ್’ ಅಥವಾ ‘ಕಾಪಿ’ ಇರುವ ಕೋರ್ ಫೌಂಡೇಶನ್ ಫಂಕ್ಷನ್‌ಗಳಿಂದ ಬಂದದ್ದನ್ನು ಎಆರ್‌ಸಿ ನೋಡಿಕೊಳ್ಳುವುದಿಲ್ಲ ಎಂಬುದೂ ನೆನಪಿರಲಿ. ಅದನ್ನು ನೀವೇ ರಿಲೀಸ್ ಮಾಡಬೇಕು, ಇಲ್ಲವೇ ಬ್ರಿಡ್ಜ್ ಟ್ರಾನ್ಸ್‌ಫರ್ ಮೂಲಕ ಎಆರ್‌ಸಿಗೆ ಒಪ್ಪಿಸಬೇಕು.

ಮೆಮೊರಿ ಮೆಟ್ಟಿಲಿನಂತಲ್ಲದೆ ಬೆಟ್ಟದಂತೆ ಏರಿ, ಒಂದು ಕೆಲಸ ಮುಗಿದ ಮೇಲೆ ಇಳಿದರೆ ಅದು ಬೇರೆ ರೋಗ. ಹತ್ತು ವರ್ಷಗಳ ದಿನವಹಿ ಮಳೆ, ಸುಮಾರು 3,650 ಸಾಲು, ಒಂದೇ ಲೂಪ್‌ನಲ್ಲಿ ಓದುವಾಗ ಪ್ರತಿ ಸಾಲಿಗೂ ಹುಟ್ಟುವ ತಾತ್ಕಾಲಿಕ ಆಬ್ಜೆಕ್ಟ್‌ಗಳು ಲೂಪ್ ಮುಗಿಯುವವರೆಗೆ ಪೂಲ್‌ನಲ್ಲಿ ಕಾಯುತ್ತಿರುತ್ತವೆ. ಲೂಪಿನ ಒಳಗೇ ಒಂದು ಆಟೋರಿಲೀಸ್ ಪೂಲ್ ಇಟ್ಟರೆ ಪ್ರತಿ ಸುತ್ತಿಗೂ ಅದು ಬರಿದಾಗುತ್ತದೆ.

ಲಕ್ಷಣ: ಯಾವ ಸಂದೇಶವೂ ಇಲ್ಲದೆ ಆ್ಯಪ್ ಮಾಯವಾಗುತ್ತದೆ

ಕ್ರ್ಯಾಶ್ ವರದಿಯಿಲ್ಲ, ಆದರೆ ಸಾಧನದಲ್ಲಿ ‘ಜೆಟ್‌ಸ್ಯಾಮ್’ ಹೆಸರಿನ ದಾಖಲೆ ಇದ್ದರೆ ಮೆಮೊರಿ ಮಿತಿ ಮೀರಿದ್ದಕ್ಕಾಗಿ ಸಿಸ್ಟಮ್ ಆ್ಯಪನ್ನು ತೆಗೆದುಹಾಕಿದೆ. ಚಿತ್ರಗಳನ್ನು ಮೊದಲು ನೋಡಿ. ರೋಗ ಬಂದ ಎಲೆಯ ಫೋಟೋ ಕಡತವಾಗಿ 2 ಅಥವಾ 3 ಎಂಬಿ ಇರಬಹುದು. 4032 ಗುಣಿಸು 3024 ಪಿಕ್ಸೆಲ್‌ನ ಆ ಚಿತ್ರ ಪರದೆಗೆ ಬರಲು ಬಿಚ್ಚಿಕೊಂಡಾಗ ಪಿಕ್ಸೆಲ್‌ಗೆ 4 ಬೈಟಿನಂತೆ 48 ಎಂಬಿಗೂ ಹೆಚ್ಚು ಜಾಗ ಬೇಡುತ್ತದೆ. ಹತ್ತು ಫೋಟೋಗಳನ್ನು ಸ್ಟ್ರಾಂಗ್ ಅರೇಯಲ್ಲಿ ಹಿಡಿದಿಟ್ಟರೆ ಹಳೆಯ ಐಪ್ಯಾಡ್ ತಾಳುವುದಿಲ್ಲ. ಸಣ್ಣ ಪ್ರತಿಯನ್ನು ಮಾತ್ರ ಹಿಡಿದು, ದೊಡ್ಡದನ್ನು ಬೇಕಾದಾಗ ಕಡತದಿಂದ ತೆರೆಯಿರಿ. ಈ ಪರೀಕ್ಷೆಯನ್ನು ಸಿಮ್ಯುಲೇಟರಿನಲ್ಲಿ ಮಾಡಿ ಫಲವಿಲ್ಲ, ಅದು ನಿಮ್ಮ ಮ್ಯಾಕಿನ ಮೆಮೊರಿಯನ್ನು ಬಳಸುತ್ತದೆ.

ಎಲ್ಲಿ ನಿಲ್ಲಿಸಿ ನೆರವು ಕೇಳಬೇಕು

ಕ್ರ್ಯಾಶ್ ದಿನಕ್ಕೊಮ್ಮೆ ಮಾತ್ರ ಬರುತ್ತದೆ, ಡೀಬಗರ್ ಹಚ್ಚಿದರೆ ಬರುವುದೇ ಇಲ್ಲ ಎಂದಾದರೆ ಎರಡು ಥ್ರೆಡ್‌ಗಳ ಪೈಪೋಟಿಯನ್ನು ಅನುಮಾನಿಸಬೇಕು. ಎರಡು ಥ್ರೆಡ್‌ಗಳು ಒಂದೇ ಹೊತ್ತಿಗೆ ‘ನಾನ್‌ಅಟಾಮಿಕ್’ (ಒಬ್ಬರ ಕೆಲಸ ಮುಗಿಯುವ ಮುನ್ನ ಇನ್ನೊಬ್ಬರು ನುಗ್ಗಬಹುದಾದ) ಸೆಟ್ಟರನ್ನು ಕರೆದರೆ ಹಳೆಯ ಆಬ್ಜೆಕ್ಟಿಗೆ ಎರಡು ಸಲ ರಿಲೀಸ್ ಆಗಬಹುದು. ಅದನ್ನು ‘ಅಟಾಮಿಕ್’ ಮಾಡಿದರೆ ಆ ಒಂದು ಸೆಟ್ಟರ್ ಸುರಕ್ಷಿತವಾಗುತ್ತದೆ, ಆದರೆ ಒಳಗಿನ ಮ್ಯೂಟಬಲ್ ಅರೇ ಸುರಕ್ಷಿತವಾಗುವುದಿಲ್ಲ. ಕ್ರ್ಯಾಶ್ ನಿಂತು ಲೆಕ್ಕ ತಪ್ಪಾಗಲು ಶುರುವಾದರೆ ಅದು ಮೊದಲಿಗಿಂತ ಕೆಟ್ಟ ಸ್ಥಿತಿ. ಈ ಪೈಪೋಟಿಯನ್ನು ಹುಡುಕುವ ಎಕ್ಸ್‌ಕೋಡಿನ ಥ್ರೆಡ್ ಸ್ಯಾನಿಟೈಜರ್ ಒಮ್ಮೆ ಓಡಿಸಿ, ಅದು ತೋರಿಸಿದ್ದು ಅರ್ಥವಾಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಸಿ ಭಾಷೆಯ ಬಫರ್‌ಗಳನ್ನು ಬಳಸುವ ಕೋಡಿನಲ್ಲಿ ಅಡ್ರೆಸ್ ಸ್ಯಾನಿಟೈಜರ್ ದೂರು ಹೇಳಿದರೂ, ದತ್ತಾಂಶದ ಕಡತವೇ ಹಾಳಾದಂತೆ ಕಂಡರೂ ಹಾಗೆಯೇ: ಆ್ಯಪನ್ನು ಮತ್ತೆ ತೆರೆಯಬೇಡಿ, ಕಡತದ ಪ್ರತಿ ತೆಗೆದಿಡಿ, ಅಂದಿನ ತೂಕವನ್ನು ಪುಸ್ತಕದಲ್ಲಿ ಬರೆಯಲು ರೈಟರಿಗೆ ಹೇಳಿ.

ನೆರವು ಕೇಳುವವರಿಗೆ ಬೇಕಾದದ್ದು ಕ್ರ್ಯಾಶ್ ವರದಿ, ಅದೇ ಬಿಲ್ಡಿನ ಡಿಸಿಮ್ ಕಡತ, ಐಓಎಸ್ ಆವೃತ್ತಿ, ಕಡತ ಎಆರ್‌ಸಿಯ ಒಳಗಿದೆಯೋ ಹೊರಗಿದೆಯೋ ಎಂಬ ಮಾಹಿತಿ, ಮತ್ತು ಆ ಕ್ಲಾಸಿನ ಪ್ರಾಪರ್ಟಿ ಘೋಷಣೆಗಳು. ಡಿಸಿಮ್ ಇಲ್ಲದೆ ವರದಿಯಲ್ಲಿ ಬರೀ ವಿಳಾಸಗಳಿರುತ್ತವೆ, ಯಾರೂ ಓದಲಾರರು. ಮೆಮೊರಿ ಗ್ರಾಫಿನ ಕಡತ ಕಳುಹಿಸುವುದಾದರೆ ಒಂದು ಎಚ್ಚರ ಬೇಕು: ಆ ಕ್ಷಣದಲ್ಲಿ ಮೆಮೊರಿಯಲ್ಲಿದ್ದ ಕಾರ್ಮಿಕರ ಹೆಸರು, ಕೂಲಿ, ಫೋನ್ ಸಂಖ್ಯೆಗಳೂ ಅದರೊಂದಿಗೆ ಹೋಗುವ ಸಾಧ್ಯತೆಯಿದೆ. ಕಲ್ಪಿತ ಹೆಸರುಗಳಿರುವ ದತ್ತಾಂಶದ ಮೇಲೆ ದೋಷವನ್ನು ಮತ್ತೊಮ್ಮೆ ಬರಿಸಿ, ಅದರ ಗ್ರಾಫನ್ನು ಕಳುಹಿಸಿ.